ಹದಿನಾಲ್ಕು ಅಡಿ ದಾರ

೩ ಫೆಬ್ರವರಿ

ಎಂಟೂವರೆಗೆ,

ಮೂರು ವರ್ಷದ ಮೇಲೆ ಅಣ್ಣನ ಕಾಗದ ಬಂತಲ್ಲ ಎಂದು ಹೆದರಬೇಡ. ಯಾರೂ ಸತ್ತಿಲ್ಲ. ಸಾಯಬೇಕಾದವರು ಅಪ್ಪ ಒಬ್ಬರೇ ಇದ್ದರು, ಅವರು ಹೋಗಿಯಾಯಿತು. ನಿನಗೆ ಒಂದು ವಾರ ತಡವಾಗಿ ತಿಳಿಸಿದೆ ಎಂದು ನೀನು ಮುಖ ಊದಿಸಿಕೊಂಡೆ, ಸಮಾಧಾನ ಮಾಡಲು ನಾನು ಬರಲಿಲ್ಲ, ಅಷ್ಟೇ ಆಗಿದ್ದು. ಫೋನು ಮಾಡೋಣ ಎಂದುಕೊಂಡೆ. ಆದರೆ ಫೋನಿನಲ್ಲಿ ನೀನು ಮಾತಾಡುವುದಿಲ್ಲ, ಬರೀ ಉಸಿರು ಬಿಡುತ್ತೀಯ. ಕಾಗದದಲ್ಲಾದರೆ ನಿನ್ನ ಬಾಯಿ ಚೆನ್ನಾಗಿಯೇ ಓಡುತ್ತದೆ.

ವಿಮಾನ ಮುಗಿಯುತ್ತ ಬಂದಿದೆ. ಹದಿನೆಂಟು ವರ್ಷದಲ್ಲಿ ಮುಗಿಯದ್ದು ಈಗ ಮುಗಿಯುತ್ತದೆಯೇ ಎಂದು ನಗಬೇಡ. ಒಡಲಿಗೆ ಪ್ಲೈವುಡ್ ಹೊದಿಸಿ ಆಯಿತು, ಬಾಲದ ಹತ್ತಿರ ಒಂದು ಪಕ್ಕ ಮಾತ್ರ ತೆರೆದಿಟ್ಟಿದ್ದೇನೆ. ಮೈಮೇಲೆ ಕೈಯಾಡಿಸಿದರೆ ಎಲ್ಲೂ ತಡೆಯುವುದಿಲ್ಲ, ಹೊಳೆಯ ಕಲ್ಲಿನ ಹಾಗಿದೆ. ಇನ್ನು ರೇಡಿಯೋ ಕೂರಿಸಬೇಕು. ಮೈದಾನದಲ್ಲಿ ಉಳಿದವರ ವಿಮಾನಗಳಿಗೆಲ್ಲ ಬೆನ್ನ ಮೇಲೆ ಒಂದೊಂದು ಕಡ್ಡಿ ನಿಂತಿದೆ, ಮೀನಿನ ಮುಳ್ಳು ಚರ್ಮ ಹರಿದು ಹೊರಗೆ ಬಂದ ಹಾಗೆ. ನನ್ನದಕ್ಕೆ ಅದು ಬೇಡ. ನನ್ನ ಆಂಟೆನಾ ಒಳಗಿರಬೇಕು, ಹುಡುಕಿದರೂ ಸಿಗಬಾರದು. ಹಾಗೆಂದು ಎಲ್ಲರ ಮುಂದೆ ಹೇಳಿಬಿಟ್ಟಿದ್ದೇನೆ. ಹಾರಿಸಲು ಕಲಿಸುವ ಮೇಷ್ಟ್ರು ನಕ್ಕರು. ಇಲ್ಲಿನ ರೇಡಿಯೋ ಅಂಗಡಿಯವನೂ ನಕ್ಕ. ಅವನ ನಗು ನೋಡಿದಾಗ ನಿನ್ನ ನೆನಪಾಯಿತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ಹನ್ನೆರಡು ವರ್ಷದಿಂದ ರಿಪೇರಿ ಅಂಗಡಿಯಲ್ಲಿ ಕೂತಿದ್ದಾಳೆ ಎಂದರೆ ಏನಾದರೂ ಕಲಿತೇ ಇರಬೇಕು.

ಹೇಗೆ ಮಾಡುವುದು ಎಂದು ಬಿಡಿಸಿ ಬರೆ. ಎಂಟೂವರೆ ಎಂಬ ಆ ಹೆಸರಿಗೆ ಇನ್ನೂ ಕೋಪವಿದ್ದರೆ ನುಂಗಿಕೋ. ಗರಗಸಕ್ಕೆ ಒಂದೂವರೆ ಬೆರಳು ಕೊಟ್ಟವಳು ನೀನು, ನಾನು ಹೆಸರಿಟ್ಟವನು ಮಾತ್ರ.

ನಿನ್ನ ಅಣ್ಣ

೧೨ ಫೆಬ್ರವರಿ

ಅಣ್ಣನಿಗೆ,

ಕಾಗದ ತಲುಪಿತು. ಒಳಗೆ ಬಚ್ಚಿಡುವುದು ಆಗದ ಕೆಲಸವೇನಲ್ಲ. ಮರವನ್ನೂ ಪ್ಲೈವುಡ್ಡನ್ನೂ ರೇಡಿಯೋದ ಮಾತು ದಾಟಿಕೊಂಡು ಹೋಗುತ್ತದೆ, ಗೋಡೆಯಾಚೆ ಇರುವವರಿಗೆ ನಮ್ಮ ಜಗಳ ಕೇಳಿಸುವ ಹಾಗೆ.

ತಾಮ್ರದ ಎರಡು ಪಟ್ಟಿ ಬೇಕು, ಒಂದೊಂದೂ ಇಪ್ಪತ್ತೆರಡು ಇಂಚು. ಬಾಲದ ನಿಂತ ರೆಕ್ಕೆಯ ಒಳಮೈಗೆ ಅಂಟಿಸಬೇಕು, ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಒಂದೇ ಗೆರೆಯಲ್ಲಿ. ನಡುವೆ ಅರ್ಧ ಇಂಚು ಬಿಟ್ಟು, ಅಲ್ಲಿಗೆ ಕೇಬಲ್ ಬೆಸುಗೆ ಹಾಕಬೇಕು. ಅದನ್ನು ನಾನೇ ಹಾಕಿ ಕಳಿಸುತ್ತೇನೆ, ನಿನ್ನ ಕೈಯಲ್ಲಿ ಬೆಸುಗೆ ನಿಲ್ಲುವುದಿಲ್ಲ. ಪಟ್ಟಿಯ ಹತ್ತಿರ ಕಬ್ಬಿಣ, ತಗಡು, ತಂತಿ ಯಾವುದೂ ಇರಬಾರದು.

ಕೇಬಲ್ಲಿನ ಉದ್ದ ನನಗೆ ಸರಿಯಾಗಿ ಬೇಕು. ಮುಂದಿನ ಹಲಗೆಯಲ್ಲಿ ರೇಡಿಯೋ ಕೂರುವ ಜಾಗದಿಂದ ಬಾಲದವರೆಗೆ ದಾರ ಎಳೆದು, ಆ ದಾರವನ್ನೇ ಕಳಿಸು. ಹಿಂದಿನ ಸೀಟಿನ ಪೆಟ್ಟಿಗೆ ಅಡ್ಡ ಬರುತ್ತದೆ, ನಾನೇ ಅಂಟಿಸಿದ್ದು, ಈ ಗೋಡೆಯಿಂದ ಆ ಗೋಡೆಯವರೆಗೆ ಇದೆ. ಅದರ ಮೇಲೆ ಹತ್ತಿಸಿ ಬಲಗಡೆಯಿಂದ ಸುತ್ತಿಸಬೇಕು. ಸೀಟಿಲ್ಲದಿದ್ದರೆ ಹದಿನಾಲ್ಕು ಅಡಿಯಲ್ಲಿ ಮುಗಿಯುತ್ತಿತ್ತು, ಸೀಟಿರುವುದರಿಂದ ಹದಿನಾರೂವರೆಗೆ ಕಡಿಮೆಯಾಗುವುದಿಲ್ಲ.

ಮುಚ್ಚುವ ಮೊದಲು, ಆಂಟೆನಾ ಮಾತನ್ನು ಹೊರಗೆ ಬಿಡುತ್ತದೆಯೇ ಎಂದು ಮೀಟರ್ ಹಚ್ಚಿ ನೋಡಬೇಕು. ನನ್ನ ಹತ್ತಿರ ಇದೆ. ಒಂದು ದಿನದ ಮಟ್ಟಿಗೆ ನಾನೇ ಬರುತ್ತೇನೆ.

ಬೆರಳು ನಾನು ಕೊಡಲಿಲ್ಲ. ಹಲಗೆ ಹಿಡಿದವಳು ನಾನು, ತಳ್ಳುತ್ತಿದ್ದವನು ನೀನು. ಸಾಕು ಎಂದು ಎರಡು ಸಲ ಹೇಳಿದೆ. ನಿನಗೆ ಕೇಳಿಸಲಿಲ್ಲ. ಅವತ್ತು ಕೈಗೆ ಬಟ್ಟೆ ಸುತ್ತುತ್ತ ಅಪ್ಪ, "ಹಿಂದಿನ ಸೀಟು ಇವಳದು, ಇವಳನ್ನು ಬಿಟ್ಟು ಇನ್ಯಾರೂ ಕೂರಬಾರದು" ಅಂದರು. ನೀನು ತಲೆಯಾಡಿಸಿದೆ. ಅದೊಂದನ್ನು ನೆನಪಿಸುತ್ತಿದ್ದೇನೆ, ಬೇರೇನೂ ಕೇಳುವುದಿಲ್ಲ.

ನಿನ್ನ ತಂಗಿ

೧ ಮಾರ್ಚ್

ಎಂಟೂವರೆಗೆ,

ದಾರ ಇದರೊಳಗೇ ಇದೆ, ರಟ್ಟಿಗೆ ಸುತ್ತಿದ್ದೇನೆ. ನಾನೇ ಕೂತು ಎಳೆದು ಕತ್ತರಿಸಿದ್ದು, ಇದರ ಮೇಲೆ ನಿನ್ನ ತಕರಾರು ಬೇಡ.

ನೀನು ಬರುವುದು ಬೇಡ. ಶೆಡ್ಡಿನಲ್ಲಿ ಈಗ ಜನ ಬಂದು ಹೋಗುತ್ತಿರುತ್ತಾರೆ, ಮೈದಾನದವರು, ಪರೀಕ್ಷೆ ಮಾಡುವ ಸಾಹೇಬರು. ನೀನು ಬಂದು ಮೂಲೆಯಲ್ಲಿ ಕೈ ಬಚ್ಚಿಟ್ಟುಕೊಂಡು ನಿಲ್ಲುತ್ತೀಯ, ಯಾರಾದರೂ ಕೇಳಿದರೆ ನೆಲ ನೋಡುತ್ತೀಯ. ಆಮೇಲೆ ಆ ಬೆರಳಿನ ಕಥೆ ನಾನು ಹೇಳಬೇಕು. ಮೀಟರ್ ಗೀಟರ್ ಏನೂ ಬೇಕಾಗಿಲ್ಲ, ಮಾತಾಡಿ ನೋಡಿದರೆ ಗೊತ್ತಾಗುತ್ತದೆ.

ನೀನು ಹೇಳಿದ ಹಾಗೆ ಬಾಲದಲ್ಲಿ ಲೋಹ ಎಂಬುದೇ ಇಲ್ಲ. ಹೋದ ವರ್ಷ ಅಲ್ಲಿ ಹಲಗೆ ಕೂಡಿಸಿದ ಜಾಗ ಕಿರುಗುಟ್ಟುತ್ತಿತ್ತು. ಒಳಗಡೆ ಎರಡೂ ಪಕ್ಕಕ್ಕೆ ಕಪ್ಪು ಬಟ್ಟೆ ಹೊಡೆದೆ, ಎರಡೆರಡು ಪದರ. ಕಾರ್ಬನ್ನಿನಿಂದ ನೇಯ್ದದ್ದು, ಅಂಟು ಕುಡಿಸಿ ಒಣಗಿಸಿದರೆ ಕಲ್ಲು. ಈಗ ಬಾಲದ ಮೇಲೆ ನಾನೇ ಹತ್ತಿ ನಿಂತರೂ ಮಿಸುಕುವುದಿಲ್ಲ. ನಿನ್ನ ಪಟ್ಟಿಯನ್ನು ಆ ಬಟ್ಟೆಯ ಮೇಲೆಯೇ ಅಂಟಿಸುತ್ತೇನೆ, ಅಲ್ಲಿ ಮೈ ನುಣುಪಾಗಿದೆ. ಆಗುತ್ತದೋ ಇಲ್ಲವೋ ಅಷ್ಟು ಹೇಳು.

ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ. ಮಲಗುವ ಕೋಣೆಯಲ್ಲಿ ಎಡಗಡೆಯ ರೆಕ್ಕೆ ಇದೆ ಎಂದು ಅಡಿಗೆಮನೆಯಲ್ಲಿ ಮಲಗುತ್ತಾಳೆ, ಅದಕ್ಕೊಂದು ಮುಖ. ರೆಕ್ಕೆಯಾದರೂ ಗೊರಕೆ ಹೊಡೆಯುವುದಿಲ್ಲ ಎಂದೆ. ನಿನ್ನ ಹಾಗೆ ಅವಳಿಗೂ ತಮಾಷೆ ಗೊತ್ತಾಗುವುದಿಲ್ಲ.

ನಿನ್ನ ಅಣ್ಣ

೨೦ ಮಾರ್ಚ್

ಅಣ್ಣನಿಗೆ,

ದಾರ ಬಂತು. ಅಂಗಡಿಯ ಅಳತೆ ಕೋಲಿನ ಮೇಲೆ ಎರಡು ಸಲ ಇಟ್ಟು ನೋಡಿದೆ. ಹದಿನಾಲ್ಕು ಅಡಿ.

ಕೇಬಲ್ ಅಷ್ಟೇ ಕತ್ತರಿಸಿದ್ದೇನೆ. ಪಾರ್ಸೆಲ್ಲಿನಲ್ಲಿ ಎರಡು ಪಟ್ಟಿಯೂ ಕೇಬಲ್ಲೂ ಇವೆ, ಬೆಸುಗೆ ಹಾಕಿಯೇ ಕಳಿಸಿದ್ದೇನೆ. ಬೆಸುಗೆಯ ಪಕ್ಕದಲ್ಲಿ ಕೇಬಲ್ಲಿಗೆ ಮೂರು ಬೂದು ಬಳೆ ತೂರಿಸಿದ್ದೇನೆ, ರೇಡಿಯೋದ ಮಾತು ಕೇಬಲ್ಲಿನ ಮೈಮೇಲೆ ಹರಿದು ಬಾರದಿರಲಿ ಎಂದು, ತೆಗೆಯಬೇಡ. ಪಟ್ಟಿ ಅಂಟಿಸುವಾಗ ಸುಕ್ಕು ಬಿಡಬೇಡ, ಚಮಚದ ಬೆನ್ನಿನಿಂದ ತೀಡು. ಕೇಬಲ್ ಪಟ್ಟಿಯ ಜೊತೆ ಉದ್ದಕ್ಕೆ ಓಡಬಾರದು, ಅಡ್ಡಲಾಗಿ ಹೊರಟು ಬರಲಿ.

ಜಾಗ ನೀನು ಆರಿಸಿದ್ದೇ ಇರಲಿ.

ಒಂದು ಮಾತು ಕೇಳುತ್ತೇನೆ, ಉತ್ತರ ಬರೆ. ಹಿಂದಿನ ಸೀಟು ಹೇಗಿದೆ?

ನಿನ್ನ ತಂಗಿ

೨೯ ಏಪ್ರಿಲ್

ಎಂಟೂವರೆಗೆ,

ಪಟ್ಟಿ ಅಂಟಿಸಿ, ಬಾಲ ಮುಚ್ಚಿ, ಮೂರು ಕೈ ಬಣ್ಣವನ್ನೂ ಹೊಡೆದಾಯಿತು. ಎಲ್ಲಿ ಮುಚ್ಚಿದೆ ಎಂದು ಈಗ ನಾನೇ ಹುಡುಕಬೇಕು. ನಿನ್ನೆ ಎಲ್ಲರನ್ನೂ ಶೆಡ್ಡಿಗೆ ಕರೆದೆ. ಆಂಟೆನಾ ಎಲ್ಲಿದೆ ತೋರಿಸಿ ಎಂದೆ. ಮೇಷ್ಟ್ರು ಬೆನ್ನು ಸವರಿದರು, ಹೊಟ್ಟೆ ಬಡಿದು ನೋಡಿದರು, ಬಗ್ಗಿ ಚಕ್ರದ ಸಂದಿಯಲ್ಲೂ ಇಣುಕಿದರು. ಆಮೇಲೆ ರೇಡಿಯೋ ಹಾಕಿ ಮೈದಾನದ ಗೋಪುರವನ್ನು ಕರೆದೆ. ಗಂಟೆ ಹೊಡೆದ ಹಾಗೆ ಉತ್ತರ ಬಂತು. ರೇಡಿಯೋ ಅಂಗಡಿಯವನ ಮುಖ ನೀನು ನೋಡಬೇಕಿತ್ತು. ಯಾರು ಮಾಡಿದ್ದು ಎಂದ. ನಾನೇ ಎಂದೆ. ಇನ್ನೇನು ಹೇಳಲಿ, ನಾಲ್ಕನೇ ಕ್ಲಾಸು ಎಂದು ಹೇಳಲೇ?

ಹಾರಾಟವೂ ಶುರುವಾಗಿದೆ. ಸದ್ಯಕ್ಕೆ ಮೈದಾನದ ಸುತ್ತಲೇ. ಜೂನಿನಲ್ಲಿ ಅರವತ್ತು ಮೈಲಿಯಾಚೆಯ ಮೈದಾನಕ್ಕೆ ಹೋಗಿ ಇಳಿಯಬೇಕು, ಅದಾದರೆ ಪೂರಾ ಪರವಾನಗಿ.

ಸೀಟು ಇದ್ದ ಹಾಗೇ ಇದೆ. ಅದೇ ನೀಲಿ ದಿಂಬು. ನಿನ್ನ ಸರದಿ ಬಂದಾಗ ಹೇಳುತ್ತೇನೆ, ಅಲ್ಲಿಯವರೆಗೆ ಹಿಂದೆ ಬೀಳಬೇಡ.

ನಿನ್ನ ಅಣ್ಣ

೬ ಜೂನ್

ತಂಗಿಗೆ,

ನಾನು ನಿನ್ನ ಅತ್ತಿಗೆ. ಅವರಿಗೆ ತಿಳಿಯದ ಹಾಗೆ ಬರೆಯುತ್ತಿದ್ದೇನೆ. ನೀನು ಬರೆದ ಕಾಗದ ಶೆಡ್ಡಿನ ಡಬ್ಬಿಯಲ್ಲಿ ಸಿಕ್ಕಿತು. ಸೀಟು ಹೇಗಿದೆ ಎಂದು ಕೇಳಿದ್ದೀಯ. ಅವರು ಏನು ಬರೆದರೋ ನನಗೆ ಗೊತ್ತಿಲ್ಲ, ನಿಜ ಮಾತ್ರ ಬರೆದಿರುವುದಿಲ್ಲ.

ಸೀಟು ಕಿತ್ತು ಎರಡು ವರ್ಷವಾಯಿತು. ನೀನು ಅಂಟಿಸಿದ್ದ ಪೆಟ್ಟಿಗೆಯನ್ನು ಸುತ್ತಿಗೆಯಲ್ಲಿ ಹೊಡೆದು ತೆಗೆದರು, ಅಂಟು ಬಿಡಲಿಲ್ಲ, ಅದಕ್ಕೆ ನಿನ್ನನ್ನೇ ಬೈದರು. ಅಲ್ಲಿ ದೊಡ್ಡ ಪೆಟ್ರೋಲ್ ಟ್ಯಾಂಕು ಕೂರಿಸಿದ್ದಾರೆ, ದೂರ ಹೋಗಬೇಕಲ್ಲ. "ಮಾವನವರು ಅದನ್ನು ಅವಳಿಗೆ ಅಂತ ಹೇಳಿದ್ರಲ್ಲ" ಎಂದೆ. "ಒಂದೂವರೆ ಬೆರಳಿಗೆ ಎಷ್ಟು ಸಲ ಬಾಡಿಗೆ ಕಟ್ಟಲಿ" ಅಂದರು. ನೀಲಿ ದಿಂಬನ್ನು ಜಾಕಿನ ಕೆಳಗೆ ಇಡುತ್ತಾರೆ.

ನನಗೂ ಒಂದು ಸುತ್ತು ಎಂದು ಮದುವೆಯಾದ ವರ್ಷ ಹೇಳಿದ್ದರು. ಹದಿಮೂರು ವರ್ಷ ಹಲಗೆ ಹಿಡಿದಿದ್ದೇನೆ, ಅಂಟು ಕಲಸಿದ್ದೇನೆ, ಅಡಿಗೆಮನೆಯಲ್ಲಿ ಕಾಲು ಮಡಚಿಕೊಂಡು ಮಲಗಿದ್ದೇನೆ. ಬಂದವರ ಮುಂದೆ, "ಇವಳಿಗೆ ವಿಮಾನ ಅಂದ್ರೆ ಗುಡಿಸೋಕೆ ಇನ್ನೊಂದು ಜಾಗ" ಅನ್ನುತ್ತಾರೆ, ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ.

ಈ ತಿಂಗಳು ಹದಿನಾಲ್ಕು, ಶನಿವಾರ, ದೂರದ ಮೈದಾನಕ್ಕೆ ಹೊರಡುತ್ತಾರೆ. ನಿನಗೆ ಗೊತ್ತಿರಲಿ ಎಂದು ಬರೆದೆ, ಬೇರೇನೂ ಇಲ್ಲ.

ನಿನ್ನ ಅತ್ತಿಗೆ

೧೦ ಜೂನ್

ಅತ್ತಿಗೆಗೆ,

ಸೀಟಿನ ವಿಷಯ ನನಗೆ ದಾರ ಬಂದ ದಿನವೇ ಗೊತ್ತಾಯಿತು. ಸೀಟಿದ್ದರೆ ಹದಿನಾಲ್ಕು ಅಡಿಯಲ್ಲಿ ದಾರ ಬಾಲ ಮುಟ್ಟುವುದಿಲ್ಲ. ಆದರೂ ಕೇಳಿದೆ. ಅವನು ನಿಜ ಹೇಳಿದ್ದರೆ ನಾನೂ ಹೇಳುತ್ತಿದ್ದೆ.

ಈಗ ನಿಮಗೆ ಹೇಳುತ್ತೇನೆ. ಬಾಲದೊಳಗಿನ ಆ ಕಪ್ಪು ಬಟ್ಟೆ ಬಟ್ಟೆಯಲ್ಲ. ರೇಡಿಯೋದ ಪಾಲಿಗೆ ಅದು ತಗಡಿದ್ದ ಹಾಗೆ. ಅದರ ಒಳಗೆ ಅಂಟಿಸಿದ ಆಂಟೆನಾ ಮುಚ್ಚಿದ ಡಬ್ಬಿಯಲ್ಲಿ ಕೂಗಿದ ಹಾಗೆ. ಹತ್ತಿರದಲ್ಲಿ ನಿಂತವರಿಗೆ ಕೇಳಿಸುತ್ತದೆ, ಅದಕ್ಕೇ ಶೆಡ್ಡಿನಲ್ಲಿ ಚೆನ್ನಾಗಿ ಮಾತಾಡಿತು. ಎರಡು ಮೂರು ಮೈಲಿ ದಾಟಿದರೆ ಅವನ ಮಾತು ಯಾರಿಗೂ ಇಲ್ಲ, ಯಾರ ಮಾತೂ ಅವನಿಗಿಲ್ಲ. ಮೀಟರ್ ಹಚ್ಚಿದ್ದರೆ ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು.

ಬೆನ್ನ ಮೇಲೆ ಒಂದು ಕಡ್ಡಿ ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆ. ಒಂದು ತೂತು, ಅರ್ಧ ದಿನದ ಕೆಲಸ. ಇಷ್ಟು ದಿನ ಸುಮ್ಮನಿದ್ದು ಈಗ ಅವನಿಗೆ ನೇರವಾಗಿ ಬರೆದರೆ ಸೀಟಿನ ಸುದ್ದಿ ಕೊಟ್ಟವರು ಯಾರು ಎಂದು ನಿಮ್ಮ ಮೇಲೆ ಬೀಳುತ್ತಾನೆ. ಅದಕ್ಕೇ ನಿಮಗೆ ಬರೆದೆ. ಶನಿವಾರದೊಳಗೆ ಇದು ತಲುಪುತ್ತದೆ. ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ನಿಮ್ಮ ನಾದಿನಿ

೨೪ ಜೂನ್

ತಂಗಿಗೆ,

ನಿನ್ನ ಕಾಗದ ಗುರುವಾರ ಬಂತು. ಅವರು ಹೊರಟಿದ್ದು ಶನಿವಾರ.

ಆ ಮೈದಾನದಲ್ಲಿ ಅವತ್ತು ಬೆಳಿಗ್ಗೆ ನೆಲದಡಿಯ ನೀರಿನ ಪೈಪು ಒಡೆದು, ವಿಮಾನ ಓಡುವ ದಾರಿಯನ್ನು ನಡುವೆ ಅಗೆದಿದ್ದರಂತೆ. ಇಳಿಯಬೇಡಿ, ವಾಪಸ್ ಹೋಗಿ ಎಂದು ಗೋಪುರದವರು ಇಪ್ಪತ್ತು ನಿಮಿಷ ಕರೆದರಂತೆ. ಒಬ್ಬನು ಕೆಂಪು ಬಟ್ಟೆ ಬೀಸಿಕೊಂಡು ಓಡಿದನಂತೆ. ಇವರು ಅಲ್ಲಿಗೆ ಮುಟ್ಟುವಾಗ ಸಂಜೆ, ಎದುರಿಗೆ ಇಳಿಬಿಸಿಲು. ಕರೆದರೆ ಯಾರೂ ಉತ್ತರ ಕೊಡುತ್ತಿಲ್ಲ, ದೊಡ್ಡ ಮೈದಾನದವರು ಎಂದು ಜಂಬ ಮಾಡುತ್ತಿದ್ದಾರೆ ಎಂದುಕೊಂಡು ಇಳಿದರಂತೆ. ಚಕ್ರ ಗುಂಡಿಗೆ ಬಿತ್ತು.

ಬದುಕಿದ್ದಾರೆ. ಮುಂದಿನ ಗಾಜು ಒಡೆದು ಮುಖಕ್ಕೆ ಬಂತು. ಒಂದು ಕಣ್ಣು ತೆಗೆದರು. ಇನ್ನೊಂದರಲ್ಲಿ ಬೆಳಕು ಮಾತ್ರ ಗೊತ್ತಾಗಬಹುದು ಎನ್ನುತ್ತಾರೆ. ಟ್ಯಾಂಕು ಮುರಿದು ಪೆಟ್ರೋಲೆಲ್ಲ ಸುರಿಯಿತು, ಬೆಂಕಿ ಹತ್ತಲಿಲ್ಲ. ಹಿಂದಿನ ಆ ಜಾಗ ಪೂರಾ ಚಪ್ಪಟೆಯಾಗಿದೆ. ಅಲ್ಲಿ ಯಾರೂ ಇರಲಿಲ್ಲವಲ್ಲ, ಪುಣ್ಯ ಎಂದು ಎಲ್ಲರೂ ಹೇಳಿದರು.

ಗುರುವಾರ ಹೇಳೋಣ ಎಂದೇ ಶೆಡ್ಡಿಗೆ ಹೋದೆ. ಮೇಷ್ಟ್ರು ಕೂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಇವರು, "ಏನೇ, ನೀನೂ ಆಂಟೆನಾ ಹುಡುಕೋಕೆ ಬಂದ್ಯಾ" ಅಂದರು. ಇಬ್ಬರೂ ನಕ್ಕರು. ಲೋಟ ಎತ್ತಿಕೊಂಡು ಬಂದೆ. ಶುಕ್ರವಾರ ಯಾರೂ ಇರಲಿಲ್ಲ. ಶುಕ್ರವಾರವೂ ಹೇಳಲಿಲ್ಲ.

ರೆಕ್ಕೆ ಹೋದ ಮೇಲೂ ಹಲಗೆ ತುಂಬಿಕೊಂಡಿದ್ದ ಮಲಗುವ ಕೋಣೆ ಖಾಲಿಯಾಗಿದೆ. ಈಗ ಮಂಚದ ಮೇಲೆ ಮಲಗುತ್ತೇನೆ.

ನಿನ್ನ ಅತ್ತಿಗೆ

೧೭ ಆಗಸ್ಟ್

ಎಂಟೂವರೆಗೆ,

ಹೇಳುತ್ತಿರುವವನು ನಾನು, ಬರೆಯುತ್ತಿರುವವಳು ನಿನ್ನ ಅತ್ತಿಗೆ. ಅಕ್ಷರ ಕೋಳಿ ಕೆರೆದ ಹಾಗಿದ್ದರೆ ಅವಳನ್ನು ಕೇಳು.

ಮನೆಗೆ ಬಂದೆ. ಕಣ್ಣಿಗೆ ಪಟ್ಟಿ ಇದೆ, ತೆಗೆದರೂ ಅಷ್ಟೇ ಅಂತೆ. ಪರೀಕ್ಷೆಯ ಸಾಹೇಬರು ಬಂದು ರೇಡಿಯೋ ಯಾಕೆ ಸತ್ತಿತು, ಆಂಟೆನಾ ಯಾರು ಮಾಡಿದ್ದು ಎಂದು ಕೇಳಿದರು. ಮುಂಚೆ ಎಲ್ಲರಿಗೂ ನಾನೇ ಎಂದಿದ್ದೆ. ಈಗ ನಿಜ ಹೇಳಿದೆ. ನನ್ನ ತಂಗಿ, ಎಂಟೂವರೆ ಬೆರಳಿನವಳು, ಅವಳ ಬೆಸುಗೆ ಹತ್ತು ಬೆರಳಿನವರಿಗೂ ಬರುವುದಿಲ್ಲ, ಅವಳ ಕೆಲಸದಲ್ಲಿ ತಪ್ಪಿರುವುದಿಲ್ಲ ಎಂದೆ. ನಾನೇ ಯಾವುದೋ ಗುಂಡಿ ತಪ್ಪು ತಿರುಗಿಸಿರಬೇಕು. ಹಾಗೆಂದೇ ಬರೆದುಕೊಂಡು ಹೋದರು. ಮುರಿದದ್ದೆಲ್ಲ ಆಗಲೇ ಗುಜರಿಗೆ ಹೋಗಿದೆ.

ಸೀಟಿನ ವಿಷಯದಲ್ಲಿ ನಿನಗೆ ಒಂದು ಸುಳ್ಳು ಹೇಳಿದ್ದೆ. ಅದನ್ನು ಅತ್ತಿಗೆಯ ಎದುರು ಹೇಳಲಾರೆ, ಬಂದಾಗ ಹೇಳುತ್ತೇನೆ.

ಇನ್ನೊಂದು ಕಟ್ಟುತ್ತೇನೆ. ನಗಬೇಡ. ಕೈಗೆ ಕಣ್ಣು ಬೇಕಾಗಿಲ್ಲ, ಮರ ಮುಟ್ಟಿದರೆ ನನಗೆ ತಿಳಿಯುತ್ತದೆ. ಹಾರಿಸುವವರು ಯಾರಾದರೂ ಸಿಗುತ್ತಾರೆ. ಹಿಂದಿನ ಸೀಟಿನಲ್ಲಿ ನೀನು ಕೂತು ಏನು ಕಾಣುತ್ತದೆ ಎಂದು ಬಂದು ಹೇಳಬೇಕು. ಆಂಟೆನಾ ಒಳಗೇ ಇರಲಿ. ಬಾಲಕ್ಕೆ ಅದೇ ಕಪ್ಪು ಬಟ್ಟೆ ಹೊಡೆಯೋಣ ಎಂದಿದ್ದೇನೆ, ಅಷ್ಟು ದೊಡ್ಡ ಪೆಟ್ಟಿಗೂ ಬಾಲ ಬಿರುಕು ಬಿಟ್ಟಿರಲಿಲ್ಲವಂತೆ. ಆಗುತ್ತದೋ ಇಲ್ಲವೋ ಬರೆ.

ನಿನ್ನ ಅಣ್ಣ

ತಂಗಿ, ಇದು ನಾನು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ನಿನ್ನ ಆ ಕಾಗದವನ್ನು ಒಲೆಗೆ ಹಾಕಿದ್ದೇನೆ. ನೀನೂ ಸುಮ್ಮನಿದ್ದುಬಿಡು. ಆಗುತ್ತದೆ ಎಂದು ಬರೆದರೆ ಸಾಕು, ಅವರು ಇನ್ನು ಯಾವುದನ್ನೂ ಕಟ್ಟುವುದಿಲ್ಲ. ಈ ಮನೆಗೆ ಬರುವ ಕಾಗದ ಓದುವವಳು ಈಗ ನಾನೊಬ್ಬಳೇ.

೨೫ ಆಗಸ್ಟ್

ಅಣ್ಣನಿಗೆ,

ಅತ್ತಿಗೆ, ಇದನ್ನು ಗಟ್ಟಿಯಾಗಿ ಓದಿ. ನಡುವೆ ನಿಲ್ಲಿಸಬೇಡಿ, ಅವನ ಕಿವಿ ಈಗ ಚುರುಕಾಗಿರುತ್ತದೆ.

ಅಣ್ಣ, ಕಪ್ಪು ಬಟ್ಟೆ ಆಗುವುದಿಲ್ಲ. ಹಿಂದೆಯೂ ಆಗುತ್ತಿರಲಿಲ್ಲ. ರೇಡಿಯೋದ ಮಾತು ಅದನ್ನು ದಾಟುವುದಿಲ್ಲ. ಮಾರ್ಚಿನಲ್ಲಿ ನೀನು ಕೇಳಿದಾಗಲೇ ನನಗೆ ಗೊತ್ತಿತ್ತು. ಜಾಗ ನೀನು ಆರಿಸಿದ್ದೇ ಇರಲಿ ಎಂದು ಬರೆದೆ. ನೀನು ಯಾವ ಗುಂಡಿಯನ್ನೂ ತಪ್ಪು ತಿರುಗಿಸಲಿಲ್ಲ.

ಜೂನ್ ಹತ್ತಕ್ಕೆ ಅತ್ತಿಗೆಗೆ ಎಲ್ಲ ಬರೆದೆ. ಗುರುವಾರ ಅವರ ಕೈ ಸೇರಿತು. ಅಂಗಡಿಯಲ್ಲಿ ಫೋನಿದೆ, ನನ್ನ ಮೇಜಿನಿಂದ ಮೂರು ಹೆಜ್ಜೆ. ಗುರುವಾರ, ಶುಕ್ರವಾರ ಎರಡೂ ದಿನ ಅದನ್ನು ನೋಡುತ್ತ ಕೂತಿದ್ದೆ. ಫೋನು ಮಾಡಿದರೆ ನೀನು, ಬರೀ ಉಸಿರು ಕೇಳಿಸುತ್ತೆ ಎಂದು ಇಟ್ಟುಬಿಡುತ್ತೀಯ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಮಾಡಬಾರದು ಎಂದೇ ಮಾಡಲಿಲ್ಲ.

ಸಾಹೇಬರ ಮುಂದೆ ನನ್ನನ್ನು ಹೊಗಳಿದೆಯಂತೆ. ಹದಿನೆಂಟು ವರ್ಷದಲ್ಲಿ ಮೊದಲನೇ ಸಲ. ಅದನ್ನು ವಾಪಸ್ ತೆಗೆದುಕೋ. ಸೀಟು ಬೇಡ. ನಾನು ಬರುವುದೂ ಇಲ್ಲ.

ನೀನು ಕಳಿಸಿದ್ದ ದಾರವನ್ನು ಇದರೊಳಗೆ ಇಟ್ಟಿದ್ದೇನೆ. ತುದಿಗೆ ಇನ್ನೂ ಎರಡೂವರೆ ಅಡಿ ಸೇರಿಸಿ ಗಂಟು ಹಾಕಿದ್ದೇನೆ. ಬೆರಳಾಡಿಸಿಕೊಂಡು ಹೋಗು, ಗಂಟು ಸಿಗುತ್ತದೆ. ಗಂಟಿನವರೆಗೆ ನೀನು ಎಳೆದದ್ದು. ಗಂಟಿನಾಚೆ ನನ್ನ ಸೀಟು.

ದಾರ ಕೈಗೆ ಬಂತೇ ಎಂದು ನನಗೆ ಉತ್ತರ ಬೇಕು. ಅತ್ತಿಗೆಯ ಕೈಯಲ್ಲೇ ಬರೆಸು.

ಎಂಟೂವರೆ